ಮುಚ್ಚಳವಿದ್ದ ಹವಳ

ಮರುವಾಯಿ ಕೊಯ್ಯುತ್ತಿದ್ದೆ. ಹೊಳೆಯ ನೀರು ಇಳಿದಾಗ ಹೆಕ್ಕಿ ತರುವ ಚಿಪ್ಪುಜೀವಿ ಅದು. ಎರಡು ಚಿಪ್ಪು, ನಡುವೆ ಚಿಟಿಕೆಯಷ್ಟು ಮಾಂಸ. ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಕುಳಿತು ಒಂದೊಂದನ್ನೇ ಅಲಗಿಗೆ ಒತ್ತಿ ಬಿಡಿಸಬೇಕು. ಮಾಂಸ ಅಂಟಿದ ಚಿಪ್ಪು ಪಾತ್ರೆಗೆ, ಖಾಲಿ ಚಿಪ್ಪು ಬುಟ್ಟಿಗೆ. ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಅದು ತಾನೇ ಬಾಯಿ ಬಿಡುತ್ತದೆ, ಆದರೆ ಆ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಬಾವಿಯಲ್ಲಿ ನೀರು ಉಂಟು, ಮನೆಯಲ್ಲಿ ಗ್ಯಾಸ್ ಉಂಟು, ಕೈಗೆ ಬಲ ಉಂಟು, ಅಲ್‌ಹಮ್ದುಲಿಲ್ಲಾ ಎಂದುಕೊಂಡು ಕೊಯ್ಯುತ್ತಿದ್ದೆ.

ಪಕ್ಕದಲ್ಲಿಟ್ಟಿದ್ದ ಫೋನು ಬಡಿಯಿತು. ಎರ್ಮಾಳಿನಿಂದ ನನ್ನ ನಾದಿನಿ. ಕೈಯೆಲ್ಲ ಮರುವಾಯಿ ನೀರು, ಹಾಗಾಗಿ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ವೀಸಾ ಬಂತು. ಬರುವ ವಾರ ಮಕ್ಕಾಕ್ಕೆ, ಉಮ್ರಾಕ್ಕೆ ಹೋಗುತ್ತೇವೆ. ಶುಕ್ರವಾರ ಅಲ್ಲಿಗೆ ಬರ್ತೇವೆ, ಉಮ್ಮನಿಗೆ ಹೇಳು."

ಹೇಳುವ ಅಗತ್ಯ ಬೀಳಲಿಲ್ಲ. ಅವಳ ಉಮ್ಮ, ಅಂದರೆ ನನ್ನ ಅತ್ತೆ, ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದರು. ಅವರನ್ನು ನಾನು ಮಾಮಿ ಎಂದು ಕರೆಯುವುದು. ಎಪ್ಪತ್ತು ದಾಟಿದರೂ ಕಿವಿ ಚುರುಕು. ಮಗಳಿಗೆ ದುಆ ಮಾಡಿ ಹರಸಿದರು. ಫೋನು ಇಟ್ಟ ಮೇಲೆ ಚೌಕಟ್ಟು ಹಿಡಿದುಕೊಂಡೇ ಹೇಳಿದರು, "ಅವಳ ಕೈಯಲ್ಲಿ ಕಲ್ಲು ಕಳಿಸಬೇಕು."

"ಯಾವ ಕಲ್ಲು ಮಾಮಿ?"

ನಾನು ಮದುವೆಯಾಗಿ ಕಾಪುವಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಮಾಮಿಯ ಕಪಾಟಿನಲ್ಲಿ ಯಾವ ಸೀರೆಯ ಕೆಳಗೆ ಎಂತ ಉಂಟು ಎಂದು ಗೊತ್ತಿದೆ ಎಂದುಕೊಂಡಿದ್ದೆ. ಈ ಕಲ್ಲಿನ ವಿಷಯ ಮಾತ್ರ ಗೊತ್ತಿರಲಿಲ್ಲ.

ಮಾಮಿ ಒಳಗೆ ಹೋಗಿ ಒಂದು ತಗಡಿನ ಬಿಸ್ಕತ್ತು ಡಬ್ಬಿ ತಂದರು. ಅದು ಮಾವನದು. ಮಾವ ಹರೆಯದಲ್ಲಿ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು, ಆಮೇಲೆ ಇಲ್ಲಿಯೇ ಪೇಟೆಯಲ್ಲಿ ಅಂಗಡಿ ಇಟ್ಟರು, ಕೊನೆಗಾಲದಲ್ಲಿ ಒಮ್ಮೆ ಹಜ್ ಮಾಡಿ ಬಂದರು. ಡಬ್ಬಿಯಲ್ಲಿ ಅವರ ಹಜ್ಜಿನ ತಸ್ಬೀಹ್ ಮಣಿಸರ, ಹಲ್ಲುಜ್ಜುವ ಒಣಗಿದ ಮಿಸ್ವಾಕ್ ಕಡ್ಡಿ, ಝಂಝಂ ನೀರಿನ ಖಾಲಿ ಬಾಟಲಿ, ಒಂದು ಅತ್ತರಿನ ಸೀಸೆ. ಎಲ್ಲದರ ಅಡಿಯಲ್ಲಿ, ಹಾಸಿದ ಕಾಗದದ ಕೆಳಗೆ, ಬಟ್ಟೆಯ ತುಂಡಿನಲ್ಲಿ ಸುತ್ತಿದ ಎರಡು ಕಲ್ಲು. ಒಂದು ಆಡಿನ ಗೊರಸಿನ ಹಾಗೆ ಕೆಳಗೆ ಅಗಲ, ಮೇಲೆ ಚೂಪು. ಇನ್ನೊಂದು ಅರ್ಧ ಚಂದ್ರ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು.

ಮಾವ ತೀರಿಕೊಂಡ ಮೇಲೆ ಮಾಮಿ ಇದ್ದತ್ತಿನಲ್ಲಿದ್ದರು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗದೆ ಮನೆಯೊಳಗೇ ಇರುವ ಕಾಲ ಅದು. ಆ ದಿನಗಳಲ್ಲಿ ಮಾವನ ಬಟ್ಟೆಬರೆ ಬಿಸಿಲಿಗೆ ಹಾಕುವಾಗ ಈ ಡಬ್ಬಿ ತೆರೆದಿದ್ದರಂತೆ. ಮಕ್ಕಾದ ಹರಮಿನ, ಅಂದರೆ ಆ ಪವಿತ್ರ ಎಲ್ಲೆಯೊಳಗಿನ, ಕಲ್ಲು ಮಣ್ಣನ್ನು ಹೊರಗೆ ತರಬಾರದು ಎಂಬುದು ನಮ್ಮಲ್ಲಿ ಮದ್ರಸದ ಮಕ್ಕಳಿಗೂ ಗೊತ್ತು. ಹಜ್ಜಿನ ಸಾಮಾನಿನ ಜೊತೆ ಎರಡು ಕಲ್ಲು, ಅದೂ ಅಡಗಿಸಿ ಇಟ್ಟದ್ದು. ಮಾಮಿ ಬೇರೆ ಎಂತ ಯೋಚಿಸಲಿಕ್ಕೆ ಸಾಧ್ಯ?

"ಅವರು ಕೆಟ್ಟವರಲ್ಲ. ಆಸೆಯಿಂದ ತಂದಿರಬೇಕು," ಎಂದರು ಮಾಮಿ. "ಆದರೂ ಅಲ್ಲಿಯದು ಅಲ್ಲಿಗೇ ಸೇರಬೇಕು. ಕಬರಿನಲ್ಲಿ ಅವರನ್ನು ಅದು ಚುಚ್ಚುತ್ತಿದ್ದರೆ? ಪ್ರತಿ ನಮಾಝಿನಲ್ಲಿ ಅದೇ ನೆನಪಾಗುತ್ತದೆ ನನಗೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಅವರ ಹೆಸರು ಕೆಡುತ್ತದೆ. ಇನ್ನು ನನ್ನ ಹತ್ತಿರ ಎಷ್ಟು ದಿನ ಉಂಟೋ. ಈಗ ಕಳಿಸಿದರೆ ಆಯಿತು."

ಇಷ್ಟು ವರ್ಷ ಇವರು ಇದನ್ನು ಒಬ್ಬರೇ ಹೊತ್ತುಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು. ಕೈ ಒರೆಸಿಕೊಂಡು ಕಲ್ಲನ್ನು ತೆಗೆದು ನೋಡಿದೆ.

ಗೊರಸಿನಂಥ ಕಲ್ಲಿನ ಅಗಲವಾದ ತುದಿಯಲ್ಲಿ ಒಂದು ಗುಳಿ ಇತ್ತು. ಗುಳಿಯ ಬಾಯಿ ಒಂದು ಕಡೆ ನೇರ, ಇನ್ನೊಂದು ಕಡೆ ಬಿಲ್ಲಿನ ಹಾಗೆ ಬಾಗಿದ್ದು. ಅರ್ಧಚಂದ್ರವೂ ಹಾಗೆಯೇ, ಒಂದು ಕಡೆ ನೇರ, ಒಂದು ಕಡೆ ಬಾಗು. ಬೆಳಿಗ್ಗೆಯಿಂದ ನೂರು ಚಿಪ್ಪು ಬಿಡಿಸಿದ ಬೆರಳು ನನ್ನದು. ಯೋಚನೆ ಬರುವ ಮೊದಲೇ ಬೆರಳು ಆ ಅರ್ಧಚಂದ್ರವನ್ನು ಗುಳಿಯ ಮೇಲೆ ಇಟ್ಟಾಗಿತ್ತು. ನೇರಕ್ಕೆ ನೇರ, ಬಾಗಿಗೆ ಬಾಗು. ಕೂತೇ ಬಿಟ್ಟಿತು.

"ಮಾಮಿ, ಎರಡು ಕಲ್ಲಲ್ಲ, ಒಂದೇ. ಇದು ಅದರ ಮುಚ್ಚಳ. ಇದು ಕಲ್ಲೂ ಅಲ್ಲ, ಯಾವುದೋ ಹಳೆಯ ಮರುವಾಯಿ, ಕಲ್ಲಾದದ್ದು."

"ಬೆಳಿಗ್ಗೆಯಿಂದ ಅದೇ ಕೆಲಸ ಮಾಡಿದವಳಿಗೆ ಕಣ್ಣಿಗೂ ಅದೇ ಕಾಣುವುದು," ಎಂದರು ಮಾಮಿ. ಆದರೆ ಹತ್ತಿರ ಬಂದು ನೋಡಿದರು. ಎರಡು ಕಲ್ಲಿನ ಎರಡು ತಪ್ಪು ಒಂದಾಯಿತು ಎಂಬಷ್ಟು ಸಮಾಧಾನ ಅವರ ಮುಖದಲ್ಲಿ ಕಂಡಿತು.

ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು. ಚಿಪ್ಪು ಎಂದರೆ ಸಮುದ್ರದ್ದು. ಮಕ್ಕಾದಲ್ಲಿ ಸಮುದ್ರ ಇಲ್ಲ. ಅಲ್ಲಿಯದೇ ಆದರೆ ಕಳಿಸಬೇಕು, ಸರಿ. ಅಲ್ಲಿಯದಲ್ಲದ ಕಲ್ಲನ್ನು ಎಲ್ಲಿಂದಲೋ ತಂದು ಆ ಜಾಗದಲ್ಲಿ ಬಿಸಾಡಿ ಬರುವುದೂ ಸರಿಯಲ್ಲ ಅಲ್ವಾ? ಶುಕ್ರವಾರದ ಒಳಗೆ ಗೊತ್ತಾಗಬೇಕಿತ್ತು. ಅಂದು ಸೋಮವಾರ.

ಮಣಿಪಾಲದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋಟೋ ಕಳಿಸಿದೆ. ಅವಳು ಅದನ್ನು ಫೋನಿಗೇ ತೋರಿಸಿ ಕೇಳಿದಳಂತೆ. ಯಾವುದೋ ಪ್ರಾಣಿಯ ಹಲ್ಲು ಎಂದಿತಂತೆ ಫೋನು. ಮಾಮಿಗೆ ಹೇಳಿದೆ.

"ಹಲ್ಲಾದರೆ ಇನ್ನೂ ಕಷ್ಟ," ಎಂದರು ಮಾಮಿ. "ಯಾವ ಪ್ರಾಣಿಯದು ಕೇಳು, ಮನೆಯೊಳಗೆ ಇಡಬಾರದ್ದಾದರೆ?"

ಆಗ ನೆನಪಾದದ್ದು ನನ್ನ ಕಾಲೇಜಿನ ಮೇಡಂ. ನನ್ನ ತವರು ಕಾರ್ಕಳ. ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ತೆಗೆದುಕೊಂಡಿದ್ದೆ, ಬೇರೆ ವಿಷಯ ಸಿಗಲಿಲ್ಲ ಎಂದು. ಮದುವೆಯಾಗಿ ಅದೆಲ್ಲ ಮರೆತೆ. ಮೇಡಂ ಈಗ ನಿವೃತ್ತರು, ಕಾರ್ಕಳದಲ್ಲೇ ಇದ್ದಾರೆ. ಆಗ ಒಂದೊಂದು ಕಲ್ಲನ್ನೂ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು.

ಬುಧವಾರ ಮಗಳಿಗೆ ರಜೆ. ಕಲ್ಲನ್ನು ಅದೇ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟು ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು, ಅದೂ ನೆರಳಿನ ಕಡೆ. ಮಣಿಪಾಲದಲ್ಲಿ ಮಗಳು ಹತ್ತಿದಳು.

"ಉಮ್ಮ, ಮೀನು ಪದಾರ್ಥವಾ?" ಎಂದು ಡಬ್ಬಿ ನೋಡಿ ಕೇಳಿದಳು.

"ಹೌದು. ಬಹಳ ಹಳೆಯದು."

ಹಿರಿಯಡ್ಕ ದಾಟುವವರೆಗೂ ಅವಳು ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಲ್ಯಾಬಿನವಳಲ್ಲವಾ, ಮುಚ್ಚಳ ತೆಗೆದು ಒಳಗೆ ಇಣುಕಿದಳು. "ಒಳಗೆ ಗೆರೆ ಗೆರೆ ಉಂಟು ಉಮ್ಮ. ಮರುವಾಯಿಯ ಒಳಗೆ ಗೆರೆ ಇರುತ್ತದಾ?" ಎಂದಳು. ನಾನು ಯೋಚಿಸಿದೆ. ಇರುವುದಿಲ್ಲ. ಮರುವಾಯಿಯ ಒಳಗೆ ಪಿಂಗಾಣಿಯ ಹಾಗೆ ನುಣುಪು. ಗೆರೆಯೆಲ್ಲ ಹೊರಗೆ. ಇಷ್ಟು ವರ್ಷ ತೊಳೆದ ಕೈಗೆ ಅದು ಗೊತ್ತಿದ್ದರೂ ತಲೆಗೆ ಹೊಳೆದಿರಲಿಲ್ಲ.

ಮೇಡಂ ಜಗಲಿಯಲ್ಲೇ ಇದ್ದರು. ಮೊಣಕಾಲು ನೋವು, ಏಳಲಿಲ್ಲ. ಬುರ್ಖಾದೊಳಗೂ ನನ್ನ ಗುರುತು ಹಿಡಿದರು.

"ಎರಡನೇ ಬೆಂಚಿನವಳಲ್ವಾ ನೀನು? ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದವಳಲ್ಲ. ಈಗ ಎಂತ ಬಂತು ಮಾರಾಯ್ತಿ?"

ಬನ್ಸ್ ಕೊಟ್ಟರು, ಚಹಾ ಕೊಟ್ಟರು. ನಾನು ಡಬ್ಬಿ ತೆರೆದೆ. ಮೇಡಂ ಕನ್ನಡಕ ಏರಿಸಿದರು, ಮತ್ತೆ ಎರಡೂ ಕೈ ಚಾಚಿದರು, ಆಗಿನ ಹಾಗೆಯೇ. ಸ್ವಲ್ಪ ಹೊತ್ತು ಅವರಿಗೆ ನಾವು ಇಲ್ಲ.

"ಮೊದಲು ನೀನು ಹೇಳು ನೋಡುವ, ಎಂತ ಇದು?"

"ಚಿಪ್ಪುಜೀವಿ ಮೇಡಂ. ಮುಚ್ಚಳ ಉಂಟಲ್ಲ."

ಮೇಡಂ ನಕ್ಕರು. "ನಾಚಿಕೆ ಮಾಡಬೇಡ. ಹಿಂದೆ ದೊಡ್ಡ ದೊಡ್ಡ ವಿದ್ವಾಂಸರು ಕೂಡ ನೀನು ಹೇಳಿದ್ದನ್ನೇ ಹೇಳಿದ್ದರು. ಮುಚ್ಚಳ ನೋಡಿ ಇದನ್ನು ಚಿಪ್ಪಿನವರ ಸಾಲಿನಲ್ಲಿ ಕೂರಿಸಿದರು. ಬಹಳ ಕಾಲ ಅಲ್ಲಿಯೇ ಕುಳಿತಿತ್ತು. ಆಮೇಲೆ ಯಾರೋ ಒಳಗೆ ಸರಿಯಾಗಿ ನೋಡಿದರು. ಇದು ಚಿಪ್ಪಲ್ಲ. ಹವಳ."

"ಹವಳವಾ?" ಎಂದೆ. ನನಗೆ ಗೊತ್ತಿರುವ ಹವಳ ಉಂಗುರದ್ದು, ಕೆಂಪು.

ಮೇಡಂ ಭೂತಗನ್ನಡಿ ತರಿಸಿದರು. ಮುಚ್ಚಳ ತೆಗೆದು ಗುಳಿಯ ಒಳಗೆ ತೋರಿಸಿದರು. ಅಂಚಿನಿಂದ ತಳಕ್ಕೆ ಇಳಿಯುವ ಸಣ್ಣ ಸಣ್ಣ ಏಣುಗಳು, ಕೈರೊಟ್ಟಿಯ ಮೇಲೆ ಬೆರಳು ಎಳೆದ ಹಾಗೆ. ಮುಚ್ಚಳದ ಒಳಮೈಯಲ್ಲೂ ಅದೇ. "ಇವು ಗೋಡೆಗಳು," ಎಂದರು. "ಹವಳದ ಪ್ರಾಣಿ ಮೆತ್ತಗೆ, ಬಲೆಗೆ ಬಿದ್ದು ಕೈ ಉರಿಸುವ ಅಂಬಲಿ ಮೀನು ಉಂಟಲ್ಲ, ಅದರ ದೂರದ ಸಂಬಂಧಿ. ಮೈಯ ಸುತ್ತ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ, ಬಟ್ಟಲೊಳಗೆ ಇಂಥ ಗೋಡೆ ಎಬ್ಬಿಸುತ್ತದೆ. ಚಿಪ್ಪಿನ ಪ್ರಾಣಿಗೆ ಈ ಗೋಡೆ ಇಲ್ಲ. ಈಗಿನ ಹವಳಗಳಲ್ಲಿ ಗೋಡೆ ಆರರ ಲೆಕ್ಕದಲ್ಲಿ ಸುತ್ತಲೂ ಹುಟ್ಟುತ್ತಾ ಹೋಗುತ್ತದೆ. ಇದರ ಕುಲದಲ್ಲಿ ಹಾಗಲ್ಲ. ಮೊದಲು ಆರು, ಆಮೇಲೆ ಹೊಸತು ಹುಟ್ಟುವುದು ನಾಲ್ಕೇ ಕಡೆ. ಆ ಲೆಕ್ಕದಿಂದಲೇ ಇವರ ಮನೆತನ ಬೇರೆ ಮಾಡಿದ್ದು. ಹೊರಗೆ ಬೆರಳಾಡಿಸು."

ಆಡಿಸಿದೆ. ಅಡ್ಡಡ್ಡ ಸುಕ್ಕುಗಳು, ಮಾಮಿಯ ಮುಂಗೈಯ ಹಾಗೆ.

"ಈ ಕುಲದ ಹೆಸರು ರುಗೋಸ್, ಎಂದರೆ ಅದೇ, ಸುಕ್ಕುಗಟ್ಟಿದ್ದು. ಸುಕ್ಕು ಹವಳ ಎಂದು ಇಟ್ಟುಕೋ. ಈ ಕುಲದವರು ಒಬ್ಬರೂ ಈಗ ಇಲ್ಲ. ಭೂಮಿಯ ಮೇಲೆ ದೊಡ್ಡ ಸಾವು ಒಂದು ಬಂತು, ಇಪ್ಪತ್ತೈದು ಕೋಟಿ ವರ್ಷದ ಹಿಂದೆ. ಅಷ್ಟರೊಳಗೆ ಎಲ್ಲ ಹೋಯಿತು. ನಿನ್ನ ಕೈಯಲ್ಲಿರುವುದು ಅದಕ್ಕಿಂತಲೂ ಹಳೆಯದು, ನಲವತ್ತು ಕೋಟಿಯ ಹತ್ತಿರ."

ಅಷ್ಟು ದೊಡ್ಡ ಸಂಖ್ಯೆ ಕೇಳಿದಾಗ ನನಗೆ ಹೆದರಿಕೆಯಾಗಲಿಲ್ಲ. ಒಂದು ಮೆತ್ತನೆಯ ಪ್ರಾಣಿಗೂ ಬಾಗಿಲಿರುವ ಮನೆ ಕೊಟ್ಟು, ಅದು ಸತ್ತ ಮೇಲೂ ಆ ಬಾಗಿಲು ಕಳೆದುಹೋಗದಂತೆ ಇಟ್ಟವನು ಎಷ್ಟು ತಾಳ್ಮೆಯವನು ಎನಿಸಿತು. ಸುಬ್‌ಹಾನಲ್ಲಾ ಎಂದು ಬಾಯಿಗೆ ಬಂತು. ಮೇಡಂ ಅದಕ್ಕೂ ತಲೆಯಾಡಿಸಿದರು.

ಮಗಳು ಕೇಳಿದಳು, "ಮುಚ್ಚಳ ಎಲ್ಲ ಹವಳಕ್ಕೂ ಉಂಟಾ?"

"ಇಲ್ಲ. ಅದೇ ಇದರ ವಿಶೇಷ. ಸುಕ್ಕು ಹವಳಗಳಲ್ಲಿ ಮುಚ್ಚಳದವು ಬೆರಳೆಣಿಕೆ. ಇದು ಒಂಟಿಯಾಗಿ ಬದುಕಿದ್ದು, ಗುಂಪು ಕಟ್ಟಿದ್ದಲ್ಲ. ಸಮುದ್ರದಡಿಯ ಕೆಸರಿನ ಮೇಲೆ ಮಲಗಿಕೊಂಡು ಇತ್ತು. ಮುಚ್ಚಳ ಎಂತಕ್ಕೆ ಎಂದರೆ, ಶತ್ರು ಬಂದರೆ ಮುಚ್ಚಲಿಕ್ಕೆ ಎನ್ನುತ್ತಾರೆ, ಕೆಸರು ಒಳಗೆ ಹೋಗದ ಹಾಗೆ ಎನ್ನುತ್ತಾರೆ. ನೋಡಿದವರು ಯಾರು? ಈ ಕುಲದೊಳಗೆ ಇದು ಯಾವ ಕುಟುಂಬದ್ದು ಎಂಬುದರಲ್ಲೂ ಎಲ್ಲ ಪುಸ್ತಕ ಒಂದೇ ಮಾತು ಹೇಳುವುದಿಲ್ಲ."

ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಇದರ ಸಂಬಂಧಿಕರಾದ ಕೆಲವು ಸುಕ್ಕು ಹವಳಗಳ ಹೊರಮೈಯಲ್ಲಿ ಕೂದಲಿನಂಥ ಗೆರೆ ಇರುತ್ತದಂತೆ, ದಿನಕ್ಕೊಂದು. ಒಂದು ವರ್ಷದ ಬೆಳವಣಿಗೆಯಲ್ಲಿ ಎಣಿಸಿದರೆ ಸುಮಾರು ನಾನೂರು ಗೆರೆ. ಆಗ ಭೂಮಿ ಬೇಗ ಬೇಗ ತಿರುಗುತ್ತಿತ್ತು, ದಿನ ಗಿಡ್ಡ, ವರ್ಷಕ್ಕೆ ನಾನೂರು ದಿನ.

"ಉಮ್ಮ, ನಾನೂರು ದಿನ ಅಡುಗೆ," ಎಂದಳು ಮಗಳು.

"ಗಿಡ್ಡ ದಿನದಲ್ಲಿ ಐದು ಹೊತ್ತಿನ ನಮಾಝೂ ಆಗಬೇಕು," ಎಂದೆ ನಾನು. ಮುನ್ನೂರ ಅರವತ್ತೈದು ಸಾಕು ಎಂದು ಮನಸ್ಸಿನಲ್ಲೇ ದೇವರಿಗೆ ಶುಕ್ರ್ ಹೇಳಿದೆ.

ನಗು ನಿಂತ ಮೇಲೆ ನಾನು ಬಂದ ಕೆಲಸ ಕೇಳಿದೆ. ಮಾಮಿಯ ಸಂಕಟ ಪೂರ್ತಿ ಹೇಳಿದೆ, ಡಬ್ಬಿಯಲ್ಲಿ ಎಂತೆಲ್ಲ ಇತ್ತು ಎಂಬುದನ್ನೂ. "ಮೇಡಂ, ಇದು ಮಕ್ಕಾದ ಕಲ್ಲಾಗಿರಬಹುದಾ?"

ಮೇಡಂ ತಮಾಷೆ ಮಾಡಲಿಲ್ಲ. ಕಲ್ಲನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

"ನೋಡು, ಮಕ್ಕಾದ ಸುತ್ತಿನ ಬೆಟ್ಟ ನಮ್ಮ ಈ ಕಾರ್ಕಳದ ಬಂಡೆಯ ಹಾಗೆ. ಭೂಮಿಯೊಳಗಿನ ಬೆಂಕಿಯಲ್ಲಿ ಬೆಂದು ಗಟ್ಟಿಯಾದದ್ದು, ಇದಕ್ಕಿಂತಲೂ ಎಷ್ಟೋ ಹಳೆಯದು. ಅಂಥ ಬಂಡೆಯಲ್ಲಿ ಜೀವಿ ಉಳಿಯುವುದಿಲ್ಲ. ಇದು ಸಿಗುವುದು ಸಮುದ್ರದ ಕೆಸರು, ಸುಣ್ಣ ಗಟ್ಟಿಯಾದ ಕಲ್ಲಿನಲ್ಲಿ. ನಮ್ಮ ಊರಿನಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಮೊರಾಕ್ಕೊದಲ್ಲಿ ಉಂಟು, ಜರ್ಮನಿಯಲ್ಲಿ ಉಂಟು, ಇನ್ನೂ ಕೆಲವು ಕಡೆ."

"ಅಲ್ಲಿಯ ಸಂತೆಯಲ್ಲಿ ಯಾರಾದರೂ ಮಾರಿದ್ದರೆ?"

"ಮಾರಿದ್ದರೂ ಬೇರೆ ಕಡೆಯಿಂದ ಬಂದದ್ದನ್ನು ಮಾರಿದ್ದು. ಆ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಧರ್ಮದ ಮಾತು ನನಗೆ ಗೊತ್ತಿಲ್ಲ, ನಿಮ್ಮ ಗುರುಗಳಲ್ಲಿ ಕೇಳಿ. ಕಲ್ಲಿನ ಮಾತು ಇಷ್ಟು. ಎಲ್ಲಿ ಇಟ್ಟಿದ್ದರು ಎಂದು ನೋಡಿ ಎಲ್ಲಿಯದು ಎಂದು ಹೇಳಬಾರದು. ಡಬ್ಬಿಯ ಮೇಲೆ ಬಿಸ್ಕತ್ತು ಎಂದು ಬರೆದಿತ್ತಲ್ಲ, ಒಳಗೆ ಬಿಸ್ಕತ್ತು ಇತ್ತಾ?"

ಏಳುವಾಗ ಮಗಳು ಇದರ ಹೆಸರು ಕೇಳಿದಳು. "ಕ್ಯಾಲ್ಸಿಯೋಲ," ಎಂದರು ಮೇಡಂ. "ಪುಟ್ಟ ಪಾದರಕ್ಷೆ ಎಂದರ್ಥ. ನೀವು ಇದನ್ನು ಚೂಪು ಮೇಲೆ ಮಾಡಿ ನಿಲ್ಲಿಸಿದ್ದೀರಿ. ಅದು ಹಾಗೆ ನಿಂತದ್ದಲ್ಲ." ಚಪ್ಪಟೆಯ ಮೈ ಕೆಳಗಾಗುವಂತೆ ಮೇಜಿನ ಮೇಲೆ ಮಲಗಿಸಿದರು. ನಾವಿಬ್ಬರೂ ಒಟ್ಟಿಗೇ ನೋಡಿದೆವು. ತುದಿ ಚೂಪಾದ ಒಂದು ಚಪ್ಪಲಿ, ಬೆರಳು ತೂರಿಸುವ ಬಾಯಿಯ ಸಮೇತ, ಗೊಂಬೆಯ ಕಾಲಿಗಾಗುವಷ್ಟು.

ಸಂಜೆ ಮನೆಗೆ ಬಂದಾಗ ಮಾಮಿ ನಮಾಝಿನ ಚಾಪೆ ಮುಸಲ್ಲಾದ ಮೇಲೆಯೇ ಕುಳಿತಿದ್ದರು. ಅಸರ್ ನಮಾಝ್ ಮುಗಿದಿತ್ತು. ನಾನು ಎದುರು ಕುಳಿತು ಒಂದೊಂದಾಗಿ ಹೇಳಿದೆ. ಬೆಂಕಿಯ ಬೆಟ್ಟ, ಸುಣ್ಣದ ಕಲ್ಲು, ಗೋಡೆಯ ಲೆಕ್ಕ. ಗೋಡೆಯ ಲೆಕ್ಕದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ.

"ಅಲ್ಲಿಯದಲ್ಲ?"

"ಅಲ್ಲ ಮಾಮಿ."

"ನಿನ್ನ ಮೇಡಂ ಕನ್ನಡಕ ಹಾಕಿ ನೋಡಿದ್ದಾರಲ್ಲ?"

"ಕನ್ನಡಕವೂ ಹಾಕಿದ್ದಾರೆ, ಭೂತಗನ್ನಡಿಯೂ ಹಿಡಿದಿದ್ದಾರೆ."

ನಾನು ಕಾರ್ಕಳದಿಂದಲೇ ಫೋನು ಮಾಡಿ ಹೇಳಿದ್ದೆ; ಇವರು, ಅಂದರೆ ನನ್ನ ಗಂಡ, ಅಂಗಡಿಯಿಂದ ಬರುವಾಗ ಮಾವನ ಹೆಸರು ಎತ್ತದೆ ಮಸೀದಿಯ ಉಸ್ತಾದರನ್ನು ಕೇಳಿಕೊಂಡು ಬಂದಿದ್ದರು. ಅಲ್ಲಿಯ ಕಲ್ಲಲ್ಲ ಎಂದು ತಿಳಿದವರು ಹೇಳಿದ ಮೇಲೆ ವಾಪಸು ಕಳಿಸುವ ಪ್ರಶ್ನೆಯೇ ಇಲ್ಲ, ನಿಶ್ಚಿಂತೆಯಿಂದ ಇರಲಿ ಎಂದಿದ್ದರಂತೆ. ಮಾಮಿ "ಹೂಂ" ಎಂದರು, ಅಷ್ಟೇ. ಸಮಾಧಾನವಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಮಾತು ಮುಂದುವರಿಸಲು, ಇದರ ಹೆಸರಿನ ಅರ್ಥವೇ ಪುಟ್ಟ ಚಪ್ಪಲಿ ಎಂದು ಹೇಳಿ, ಮೇಡಂ ಮಾಡಿದ ಹಾಗೆಯೇ ನೆಲದ ಮೇಲೆ ಮಲಗಿಸಿ ತೋರಿಸಿದೆ.

ಮಾಮಿ ಅದನ್ನೇ ನೋಡಿ ಬಾಯಿಗೆ ಕೈ ಇಟ್ಟುಕೊಂಡರು.

"ನನಗೆ ಮದುವೆಯಾದ ಹೊಸತು," ಎಂದರು. "ಅವರು ಹಡಗಿಗೆ ಹೋಗುವಾಗ ನಾನು ಕೇಳಿದ್ದು ಒಂದೇ, ಪರದೇಶದ ಚಪ್ಪಲಿ. ಆ ಸಲ ಬಂದವರು, 'ತಂದಿದ್ದೇನೆ, ಆದರೆ ಒಂದೇ ಕಾಲಿನದು, ಇನ್ನೊಂದು ಮುಂದಿನ ಸಲ' ಅಂದರು. ನನಗೆ ಸಿಟ್ಟು ಬಂತು. ಎಂತ ತಮಾಷೆ ಇದು ಎಂದು ಎದ್ದು ಹೋದೆ. ನೋಡಲೇ ಇಲ್ಲ. ಅವರೂ ಮತ್ತೆ ತೋರಿಸಲಿಲ್ಲ."

ಡಬ್ಬಿ ಹಡಗಿನ ಕಾಲದ್ದೇ ಆಗಿತ್ತು. ಅಡಿಯ ಕಾಗದದ ಕೆಳಗೆ ಕಲ್ಲು ಮೊದಲೇ ಇತ್ತು, ಹಜ್ಜಿನ ಸಾಮಾನು ಎಷ್ಟೋ ವರ್ಷದ ಮೇಲೆ ಅದರ ಮೇಲೆ ಬಂದು ಕುಳಿತದ್ದು. ಎಲ್ಲಿಂದ ತಂದರು, ಯಾರು ಕೊಟ್ಟರು, ಅದು ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಶುಕ್ರವಾರ ಜುಮಾ ನಮಾಝ್ ಕಳೆದು ನಾದಿನಿ ಬಂದಳು. ಮಕ್ಕಾಕ್ಕೆ ಹೊರಡುವವರು ನೆಂಟರಿಷ್ಟರ ಮನೆಗೆ ಹೋಗಿ, ನನ್ನಿಂದ ತಪ್ಪಾಗಿದ್ದರೆ ಬಿಟ್ಟುಕೊಡಿ ಎಂದು ಕೇಳುವುದು ನಮ್ಮ ಪದ್ಧತಿ. ಅವಳು ಮಾಮಿಯ ಕೈ ಹಿಡಿದುಕೊಂಡು ಕೇಳಿದಳು.

"ನಿನ್ನದು ಎಂತದ್ದೂ ಇಲ್ಲ," ಎಂದರು ಮಾಮಿ. "ನನ್ನದೇ ಉಂಟು. ನಿನ್ನ ಬಾಪ ಹರಮಿನ ಕಲ್ಲು ತಂದಿದ್ದಾರೆ ಎಂದು ಇಷ್ಟು ವರ್ಷ ತಿಳಿದುಕೊಂಡೆ. ತಂದದ್ದು ನನಗೆ ಚಪ್ಪಲಿ. ಬಿಟ್ಟುಕೊಡಿ ಎಂದು ಕೇಳಲಿಕ್ಕೆ ಅವರು ಇಲ್ಲ. ನೀನು ಅಲ್ಲಿ ನಿಂತು ಅವರಿಗಾಗಿ ದುಆ ಮಾಡುವಾಗ ನನ್ನದನ್ನೂ ಹೇಳು."

ನಾದಿನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ನಾನು ಕಲ್ಲು ತೋರಿಸಿ ಕತೆ ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ಅದನ್ನು ತನ್ನ ಉಮ್ಮನ ಕಾಲಿನ ಹೆಬ್ಬೆರಳ ಹತ್ತಿರ ಹಿಡಿದು ಅಳತೆ ನೋಡಿದಳು.

"ಸಣ್ಣದಾಯಿತು ಉಮ್ಮ. ಅಲ್ಲಿಂದ ನಿಮಗೆ ಸರಿಯಾದ ಜೋಡಿ ತರಲಾ?"

"ಬೇಡ," ಎಂದರು ಮಾಮಿ. "ಖರ್ಜೂರ ತಾ. ಕಲ್ಲು ಗಿಲ್ಲು ತರಬೇಡ."

ಅವರು ನಕ್ಕದ್ದನ್ನು ನಾನು ನೋಡಿದೆ. ಆ ದಿನದ ಲೆಕ್ಕಕ್ಕೆ ಅದೊಂದೇ ಸಾಕಿತ್ತು. ಮಾಮಿ ಕಲ್ಲನ್ನು ಮತ್ತೆ ಡಬ್ಬಿಗೆ ಹಾಕಲಿಲ್ಲ. ಮುಚ್ಚಳ ಮುಚ್ಚಿ, ಮಲಗಿಸಿ, ಕಿಟಕಿಯ ದಂಡೆಯ ಮೇಲಿಟ್ಟರು. ಊಟಕ್ಕೆ ಆರು ಜನ ಇದ್ದರು. ತುಪ್ಪದನ್ನಕ್ಕೆ ನೆನೆಹಾಕಿದ ಅಕ್ಕಿ ಅರ್ಧ ಗಂಟೆ ದಾಟಿತ್ತು, ಇನ್ನು ಬಿಟ್ಟರೆ ಮುದ್ದೆಯಾಗುತ್ತದೆ. ನಾನು ಎದ್ದು ಹೋಗಿ ಅಕ್ಕಿಯ ನೀರು ಬಸಿದೆ.